ಐದು ಗಂಟು

ಬೊಹೆಮಿಯಾದ ಈ ಮರಳುಗಲ್ಲಿನ ಬಿರುಕಿಗೆ ಕಬ್ಬಿಣ ಆಗದು.
ಬೆಣೆ, ಮೊಳೆ, ಉಕ್ಕಿನ ಹಲ್ಲು ಎಲ್ಲ
ಕಾರಿನ ಡಿಕ್ಕಿಯಲ್ಲೇ ಇರಲಿ ಅಂದ
ಜ್ದೆನೆಕ್ ಮುದುಕ, ತನ್ನ ಪ್ಲಮ್ ಮರದ ಕೆಳಗೆ
ನಮ್ಮ ಡೇರೆಗೆ ಜಾಗ ಕೊಟ್ಟವನು.
ಇಲ್ಲಿ ಹಗ್ಗದ ಗಂಟು ಮಾತ್ರ.
ಹೆಬ್ಬೆರಳ ಗಾತ್ರದ್ದು, ಮುಷ್ಟಿ ಗಾತ್ರದ್ದು,
ಚಪ್ಪಟೆ ಮರದ ಕಡ್ಡಿಯಲ್ಲಿ ಒತ್ತಿ ಒತ್ತಿ ಕೂರಿಸಬೇಕು
ಎಣ್ಣೆಗಾಯಿಗೆ ಮಸಾಲೆ ತುಂಬಿದ ಹಾಗೆ.

ನೀನು ನಕ್ಕೆ.
ಮೊದಲು ಹತ್ತುವವಳು ನಾನು, ನನಗೆ ನಗು ಬರಲಿಲ್ಲ.

ಆ ರಾತ್ರಿಯೇ ಮಳೆ.
ಬೆಳಿಗ್ಗೆ ಅವನು ಕುಂಟುತ್ತ ಬಂಡೆಯ ಬುಡಕ್ಕೆ ಬಂದು
ಅಂಗೈ ಇಟ್ಟು ನೋಡಿದ, ಮಗುವಿನ ಜ್ವರ ನೋಡುವಂತೆ.
"ನೀರು ಕುಡಿದಿದೆ. ಇವತ್ತು ಇಲ್ಲ. ನಾಳೆಯೂ ಇಲ್ಲ."
ಒದ್ದೆಯಾದರೆ ಕಲ್ಲು ಕೈಯಲ್ಲೇ ಬರುತ್ತದಂತೆ
ಆಷಾಢದ ಬೆಲ್ಲದ ಹಾಗೆ.

ಎರಡು ದಿನ ಡೇರೆಯೊಳಗೆ.
ಒಣಗದ ಕಾಲುಚೀಲ, ಉರಿಯಲೊಲ್ಲದ ಒಲೆ, ಒಂದೇ ಚಮಚ.
ಇನ್ನೊಂದನ್ನು ಮರೆತವರು ಯಾರು
ಎಂಬುದು ಇನ್ನೂ ತೀರ್ಮಾನವಾಗಿಲ್ಲ.
ಜಗಳವಾಡಲೂ ಜಾಗ ಸಾಲದೆ
ಬೆನ್ನಿಗೆ ಬೆನ್ನು ಕೊಟ್ಟು ಮಲಗಿ
ಡೇರೆಯ ಮೇಲೆ ಪ್ಲಮ್ ಬೀಳುವುದನ್ನು ಎಣಿಸಿದೆವು,
ಒಬ್ಬರಿಗೊಬ್ಬರು ಹೇಳದೆ.
ನನ್ನ ಲೆಕ್ಕಕ್ಕೆ ಹದಿನೇಳು, ನಿನ್ನದಕ್ಕೆ ಇಪ್ಪತ್ತು.

ಸಂಜೆ ಅವನ ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಸಾರು.
ಮೇಜಿನ ಕಾಲಿಗೆ ಹಗ್ಗ ಸುತ್ತಿ ಹೇಳಿಕೊಟ್ಟ:
"ಭಾರ ಬಿದ್ದಾಗ ಬಿಗಿಯಬೇಕು,
ಭಾರ ಇಳಿದಾಗ ಬಿಚ್ಚಲು ಬರಬೇಕು.
ಬಿಚ್ಚಲು ಬಾರದ್ದು ಗಂಟಲ್ಲ, ಸಿಕ್ಕು."
ನಮ್ಮ ಮೂರು ಗಂಟು ಬಿದ್ದಾಗ
ಗಟ್ಟಿಮೇಳದ ಗದ್ದಲದಲ್ಲಿ
ಯಾರಾದರೂ ಇದನ್ನು ಹೇಳಿದ್ದರೋ ಏನೋ,
ಕೇಳಿಸಿರಲಿಲ್ಲ.

ಹೊರಡುವಾಗ ಐದು ಗಂಟು ಎಣಿಸಿ ಕೊಟ್ಟ. ಮೇಲೊಂದು ಪೆನ್ಸಿಲು.
"ತುದಿಯಲ್ಲಿ ಡಬ್ಬಿ ಇದೆ, ಡಬ್ಬಿಯಲ್ಲಿ ಪುಸ್ತಕ.
ಅಲ್ಲಿಯ ಪೆನ್ಸಿಲು ಸವೆದಿರಬೇಕು.
ನನ್ನ ಮಂಡಿ ಇನ್ನು ಅಷ್ಟು ದೂರ ಬಾರದು."

ಮೂರನೆಯ ದಿನ ಹತ್ತಿದೆವು.
ಬಂಡೆಯ ಮೇಲೆ ನಮಗೆ ಮೂರೇ ಮಾತು:
ಬಿಡು. ಬಿಗಿ. ತಡಿ.
ಹನ್ನೊಂದು ವರ್ಷದಲ್ಲಿ
ನಾನು ಹೇಳಿದ್ದನ್ನು ನೀನು ಹೇಳಿದ ಕೂಡಲೇ ಮಾಡಿದ್ದು
ಇದೇ ಮೊದಲು.
ನಡುವೆ ಒಂದು ಕಡೆ ಕಾಲು ಹೊಲಿಗೆಯಂತ್ರದ ಸೂಜಿಯಾಗಿ
ಅಂಗುಲ ಅಂಗುಲಕ್ಕೆ ನಡುಗಿ
ಕೆಳಗೆ ನೋಡಿದೆ.
ನಿನ್ನ ಮುಖ ಕಾಣಲಿಲ್ಲ, ಹಗ್ಗ ಮಾತ್ರ
ಸಡಿಲವೂ ಅಲ್ಲ ಬಿಗಿಯೂ ಅಲ್ಲ,
ಉಸಿರಾಡುತ್ತಿತ್ತು.

ಹಿಂದೆ ಬರುತ್ತ ನೀನು ಗಂಟು ಕೀಳುತ್ತ ಬಂದೆ.
ನಾಲ್ಕು ಬಂದವು. ಒಂದು ಬರಲಿಲ್ಲ.
ಅರ್ಧ ಗಂಟೆ ಬೈದೆ, ಕನ್ನಡದಲ್ಲಿ,
ಪೈನ್ ಕಾಡಿಗೆಲ್ಲ ಕೇಳಿಸುವಂತೆ.

ವರ್ಷಕ್ಕೆ ನಾಲ್ಕು ಜನ ಹತ್ತದ ಗೋಪುರ,
ಪುಸ್ತಕ ಇನ್ನೂ ಮುಗಿದಿರಲಿಲ್ಲ.
ಹಳದಿ ಹಾಳೆ: ೧೯೭೩, ಜ್ದೆನೆಕ್, ಬೊಹುಮಿಲಾ.
ಮರುವರ್ಷ, ಅದರ ಮರುವರ್ಷ, ಅದೇ ಜೋಡಿ.
ಆಮೇಲೆ ಬೊಹುಮಿಲಾ, ಓಟಕರ್.
ಆಮೇಲೆ ಜ್ದೆನೆಕ್, ಒಬ್ಬನೇ, ಹಲವು ಸಲ,
ಒಂದು ಸಲ ಹೆಸರ ಬದಲು ಬರೀ ಗೆರೆ.
ಕೊನೆಗೆ, ಹನ್ನೆರಡು ವರ್ಷದ ಹಿಂದೆ,
ಮೂರೂ ಹೆಸರು, ಒಂದೇ ಕೈಬರಹ.

ನೀನು ಪುಟ ತಿರುವಿದೆ.
ನಾನು ಮತ್ತೆ ಹಿಂದಕ್ಕೆ ತಿರುವಿದೆ.
ಕೊನೆಗೆ ಬರೆದೆವು, ಹೊಸ ಪೆನ್ಸಿಲಿನಲ್ಲಿ:
ನಾಗವೇಣಿ. ಇಂದುಧರ.
ಗಾಳಿಗೆ ನಿನ್ನ ಹೆಸರಿನ ಕೊಂಬು ಜಾರಿತು, ತಿದ್ದಲಿಲ್ಲ.

ಕೆಳಗೆ ಅವನು ಬೇಲಿಗೆ ಒರಗಿ ನಿಂತಿದ್ದ.
"ಪೆನ್ಸಿಲು ತಲುಪಿತಾ?"
ತಲುಪಿತು.
ಗಂಟುಗಳನ್ನು ಅಂಗೈಮೇಲೆ ಹರಡಿ ಎಣಿಸಿದ. ನಾಲ್ಕು.
ನಾವು ತಪ್ಪೊಪ್ಪಿಗೆಗೆ ಬಾಯಿ ತೆರೆಯುವ ಮೊದಲೇ ಅಂದ:
"ಇರಲಿ ಬಿಡಿ.
ಆ ಬಿರುಕಿನಲ್ಲಿ, ಇನ್ನೂ ಒಳಗೆ, ನನ್ನದೂ ಒಂದಿದೆ."

ರಾತ್ರಿ ಡೇರೆಯಲ್ಲಿ ಉಗುರಿನ ಸಂದಿಯ ಮರಳು ಕೆರೆಯುತ್ತ ಕೂತೆವು.
ಒಂದೇ ಚಮಚ.
ಮೊದಲು ನೀನು ತಿನ್ನು ಅಂದೆ.
ತಡಿ ಅಂದೆ.